ಎರಡನೆಯ ಕಿಂಡಿ

ಮಂಗಳವ್ವನ ಅಂಗಳದಲ್ಲಿ ಅವತ್ತು ಎರಡು ಜೇನುಮನೆಗಳಿದ್ದವು. ಮೂರನೆಯದು ನನ್ನ ನೋಟ್‌ಬುಕ್ಕಿನಲ್ಲಿ ಬರೀ ಚಿತ್ರವಾಗಿತ್ತು.

ಒಂದು, ಬಡಿಗತನ ಮಾಡುವ ಶಮಶೇರಸಾಬ ತಲೆಯ ಮೇಲೆ ಹೊತ್ತು ತಂದಿದ್ದ ಮರದ ಪೆಟ್ಟಿಗೆ. ಹಾವೇರಿಯ ತೋಟಗಾರಿಕೆ ಇಲಾಖೆಯವರು ಸಬ್ಸಿಡಿಯಲ್ಲಿ ಕೊಡುತ್ತಿದ್ದುದರ ಅಳತೆ ತೆಗೆದುಕೊಂಡು ಅವನೇ ಮಾಡಿದ್ದು. ಒಳಗೆ ಎಂಟು ಚೌಕಟ್ಟು, ಮೇಲೆ ಮುಚ್ಚಳ, ಎರಡೂ ಬದಿಗೆ ಹಿಡಿಕೆ. ಇನ್ನೊಂದು, ಅಡ್ಡ ಮಲಗಿಸಿದ ದೊಡ್ಡ ಗಡಿಗೆ. ಅದರ ಬಾಯಿಗೆ ಹಲಗೆ, ಹಲಗೆಯಲ್ಲಿ ಬೆರಳು ಹೋಗುವಷ್ಟು ತೂತು. ಮೂರನೆಯದು ಗೋಡೆ.

ಮಂಗಳವ್ವನ ಮನೆಯ ಮೂಡಲ ಗೋಡೆ ಮೊಳಕ್ಕಿಂತ ದಪ್ಪ, ಹಳೆಯ ಮಣ್ಣಿನದು. ಅದರೊಳಗೆ ಎದೆಯೆತ್ತರಕ್ಕೆ ಒಂದು ಮಾಡವಿತ್ತು. ಹಿಂದೆ ಅವಳ ಅತ್ತೆ ಉಪ್ಪಿನಕಾಯಿ ಭರಣಿ ಇಡುತ್ತಿದ್ದ ಜಾಗ. ನನ್ನ ಚಿತ್ರದಲ್ಲಿ ಆ ಮಾಡಕ್ಕೆ ಕೋಣೆಯ ಕಡೆಯಿಂದ ಹಲಗೆ ಹಚ್ಚಿ ಸಗಣಿಯಿಂದ ಅಂಚು ಮೆತ್ತಲಾಗಿತ್ತು, ಹೊರಗಡೆ ಗೋಡೆ ಕೊರೆದು ಒಂದು ಕಿಂಡಿ ಬಿಡಲಾಗಿತ್ತು. ಜೇನುಗಳು ತಮಗೆ ಬೇಕಾದ ಹಾಗೆ ಮೇಣದ ಎರಿ ಕಟ್ಟುತ್ತವೆ. ಸಕ್ಕರೆ ಪಾಕ ಬೇಡ, ಚೌಕಟ್ಟು ಬೇಡ, ವಾರಕ್ಕೊಮ್ಮೆ ಮುಚ್ಚಳ ತೆಗೆದು ಅವುಗಳನ್ನು ಪೀಡಿಸುವುದು ಬೇಡ. ವರ್ಷಕ್ಕೊಮ್ಮೆ ಹಲಗೆ ತೆಗೆದು ಒಂದೆರಡು ಎರಿ ಕೊಯ್ದುಕೊಂಡರೆ ಆಯಿತು. ಧಾರವಾಡದಲ್ಲಿ ಕೃಷಿ ಪದವಿ ಓದುವಾಗ ಗ್ರಂಥಾಲಯದ ಒಂದು ಪುಸ್ತಕದಲ್ಲಿ ಇದನ್ನು ನೋಡಿದ್ದೆ. ಪದವಿ ಮುಗಿಸಿ ಕುಪ್ಪೇಲೂರಿಗೆ ಬಂದು ಹತ್ತು ತಿಂಗಳಾಗಿತ್ತು. ಊರಿಗೆ ಕೊಡಬಹುದಾದದ್ದು ಎಂದು ನನ್ನ ಹತ್ತಿರ ಇದ್ದದ್ದು ಆ ಒಂದು ಚಿತ್ರ.

"ಚಂದ ಐತ್ರಿ," ಅಂದ ಶಮಶೇರಸಾಬ, ನೋಟ್‌ಬುಕ್ಕನ್ನು ಕೈಯಲ್ಲಿ ಹಿಡಿದು. "ಆದ್ರ ಜೇನ ಅಂದ್ರ ಎತ್ತಿಕೊಂಡು ಹೋಗಾಕ ಬರಬೇಕ್ರಿ ಶಶಿಕಾಂತ. ಈ ಊರಾಗ ಎಲ್ಲಾ ಬೀಜದ ಹೊಲಾನ. ನಾಳೆ ಯಾರರ ತಗೀರಿ ಅಂದ್ರ, ಪೆಟಿಗಿ ಆದ್ರ ಸಂಜಿಮುಂದ ಬಾಗಲಾ ಮುಚ್ಚಿ ಟೆಂಪೋದಾಗ ಇಟ್ಟು ಹೊಸರಿತ್ತಿಗೆ ನನ್ನ ಷಡ್ಡಕನ ಹೊಲಕ್ಕ ಒಯ್ದುಬಿಡತೇನಿ. ಗ್ವಾಡಿ ಏನ್ ಮಾಡ್ತೀರಿ?"

"ಯಾಕೆ ತಗೀರಿ ಅಂತಾರ? ಜೇನು ಯಾರಿಗೆ ಏನು ಮಾಡತಾವ?" ಅಂದೆ. ಚೌಕಟ್ಟು ಹಾಕುವುದೆಂದರೆ ಜೇನನ್ನು ಕೂಲಿಗೆ ಹಚ್ಚಿದ ಹಾಗೆ ಎಂದೂ ಹೇಳಿದೆ. ಕೂಲಿಯ ಮಾತಿಗೆ ಮಂಗಳವ್ವ ನಕ್ಕಳು.

"ಹಂಗಾರ ನನಗೂ ಯಾರರ ಚೌಕಟ್ಟು ಹಾಕ್ಯಾರ ನೋಡು ತಮ್ಮಾ."

ಶಮಶೇರಸಾಬ ಸೋಲುವವನಲ್ಲ. ತನ್ನ ಮನೆಯ ಪೆಟ್ಟಿಗೆಯಿಂದ ಜೇನು ಕೂತ ಒಂದು ಚೌಕಟ್ಟನ್ನೇ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಅದನ್ನು ಬಿಸಿಲಿಗೆ ಹಿಡಿದು, "ಬಾ ಮಂಗಳವ್ವ, ತತ್ತಿ ನೋಡು. ಪೆಟಿಗ್ಯಾಗ ಆದ್ರ ಹಿಂಗ ಎಲ್ಲಾ ನೋಡಾಕ ಬರತೈತಿ. ರಾಣಿ ಅದಾಳೋ ಇಲ್ಲೋ ತತ್ತಿ ಹೇಳತೈತಿ. ಒಂದೊಂದು ಮನಿಯಾಗ ಒಂದೊಂದು, ಎಳ್ಳಿನ ಚೂರು ನಿಂತಂಗ. ಕಂಡೂ?" ಅಂದ.

ಮಂಗಳವ್ವ ಮುಖವನ್ನು ಚೌಕಟ್ಟಿಗೆ ತೀರಾ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಒಂದು ಜೇನು ಅವಳ ಹುಬ್ಬಿನ ಮೇಲೆ ನಡೆದು ಹೋಯಿತು.

"ಕಂಡೂ."

ಶಮಶೇರಸಾಬ ಚೌಕಟ್ಟನ್ನು ತನ್ನ ಕಡೆ ತಿರುಗಿಸಿಕೊಂಡ. "ಅಯ್ಯ, ಜೇನತುಪ್ಪದ ಬದೀನ ತೋರಿಸೇನಲ್ಲ. ಇದರಾಗ ತತ್ತೀನ ಇಲ್ಲ." ಅವನು ದೊಡ್ಡದಾಗಿ ನಕ್ಕ. ಅವಳೂ ನಕ್ಕಳು. ಆಮೇಲೆ ಸೆರಗಿನಿಂದ ಹಣೆ ಒರೆಸಿಕೊಂಡು, "ನನಗ ಗ್ವಾಡೀನ ಇರಲಿ. ಹಲಗಿಗೆ ಕಿವಿ ಹಚ್ಚಿದ್ರ ಎಲ್ಲಾ ತಿಳೀತೈತಿ," ಅಂದಳು.

ನಾನು ಗೆದ್ದೆ ಅಂದುಕೊಂಡೆ.

ಮಂಗಳವ್ವನಿಗೆ ಆಗ ನಲವತ್ತೆಂಟು ಇರಬೇಕು. ಗಂಡ ಸತ್ತು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಹತ್ತು ವರ್ಷದಿಂದ ನನ್ನ ಕಾಕಾ ಹಾಲೇಶಪ್ಪನ ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಕೆಲಸ ಮಾಡುತ್ತಿದ್ದಳು. ಕಾಕಾ ನಮ್ಮೂರಿಗೆ ಬೀಜ ಕಂಪನಿಯ ಆರ್ಗನೈಜರ್. ಕಂಪನಿಯಿಂದ ಗಂಡು ಹೆಣ್ಣು ಬೀಜ ತಂದು ಎಂಟು ಹೊಲಗಳಿಗೆ ಹಂಚಿ, ಬೆಳೆದ ಹೈಬ್ರಿಡ್ ಬೀಜವನ್ನು ರಾಣೆಬೆನ್ನೂರಿಗೆ ಮುಟ್ಟಿಸುವವನು.

ಕ್ರಾಸಿಂಗ್ ಕೆಲಸ ಪೂರಾ ಕಣ್ಣು ಮತ್ತು ಹೆಬ್ಬೆರಳ ಉಗುರಿನದು. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಗೇ ಗುರುತಿಸಬೇಕು. ಉಗುರಿನಿಂದ ಎಸಳನ್ನೂ ಒಳಗಿನ ಕೇಸರವನ್ನೂ ಸುತ್ತ ಸುಲಿದು, ನಡುವಿನ ಕಡ್ಡಿಯಷ್ಟನ್ನೇ ಬಿಟ್ಟು, ಅದಕ್ಕೆ ಕೆಂಪು ಕಾಗದದ ಕೊಳವೆ ತೊಡಿಸಬೇಕು. ಮರುದಿನ ಬೆಳಿಗ್ಗೆ ಕೊಳವೆ ತೆಗೆದು, ಗಂಡು ಹೂವನ್ನು ತಿಕ್ಕಿ, ಮತ್ತೆ ಮುಚ್ಚಿ, ತೊಟ್ಟಿಗೆ ದಾರ ಕಟ್ಟಬೇಕು. ಸುಲಿಯುವಾಗ ರವೆಯಷ್ಟು ಕೇಸರ ಉಳಿದರೂ ಹೂವು ತನ್ನನ್ನು ತಾನೇ ಕೂಡಿಬಿಡುತ್ತದೆ. ಆ ಬೀಜ ಹೈಬ್ರಿಡ್ ಅಲ್ಲ, ಬರೀ ತಾಯಿ ಗಿಡ. ಹೊಲದಲ್ಲಿ ಅದಕ್ಕೆ 'ಸೆಲ್ಫ್' ಅನ್ನುತ್ತಾರೆ. ಕಂಪನಿಯವರು ಬೀಜದ ಒಂದು ಹಿಡಿಯನ್ನು ಬೇರೆ ಕಡೆ ಬಿತ್ತಿ ನೋಡುತ್ತಾರೆ. ಸೆಲ್ಫ್ ಹೆಚ್ಚು ಬಂದರೆ ಇಡೀ ಲಾಟ್ ಹೊರಗೆ.

ಹಾಗಾಗಿ ಕಣ್ಣು ಮಂದವಾದ ಹೆಂಗಸರನ್ನು ಕಾಕಾ ಇಟ್ಟುಕೊಳ್ಳುತ್ತಿರಲಿಲ್ಲ. ಹಿಂದಿನ ವರ್ಷ ಮುದುಕವ್ವ ಅನ್ನುವವಳನ್ನು ಬಿಡಿಸಿದ್ದನ್ನು ನಾನೇ ನೋಡಿದ್ದೆ. ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ ಕಾಕಾ ಸುಲಿದ ಮೊಗ್ಗೊಂದನ್ನು ಅಂಗೈಯಲ್ಲಿಟ್ಟು, "ಯವ್ವಾ, ಎಷ್ಟು ಉಳಿದಾವ ಎಣಿಸು," ಅಂದ. ಅವಳು ಎರಡು ಅಂದಳು. "ಏಳು," ಅಂದ ಕಾಕಾ. "ಉಂಡು ಹೋಗು. ನಾಳೆಯಿಂದ ಮೊಮ್ಮಕ್ಕಳ ಆಡಿಸು." ಬೈಯಲಿಲ್ಲ. ಮುದುಕವ್ವ ರೊಟ್ಟಿ ಮುಗಿಸಿ ಎದ್ದು ಹೋದಳು. ಪಕ್ಕದಲ್ಲೇ ಕೂತಿದ್ದ ಮಂಗಳವ್ವ ಎರಡೂ ಕೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಳು.

ಜೇನುಮನೆ ಬೇಕು ಅಂತ ಅವಳು ನನ್ನ ಹತ್ತಿರ ಬಂದದ್ದು ಅದಾದ ಮೇಲೆ.

2004ರ ಚೈತ್ರದಲ್ಲಿ ಶಮಶೇರಸಾಬ ಹಳೆಯ ಬಾವಿಯ ಕಲ್ಲಿನ ಸಂದಿಯಿಂದ ಒಂದು ತುಡುವೆ ಜೇನಿನ ಕುಟುಂಬವನ್ನು ಬಿಡಿಸಿ ತಂದು ಗೋಡೆಯೊಳಗೆ ಬಿಟ್ಟ. ಒಂದು ವಾರಕ್ಕೆ ಅವು ಅಲ್ಲಿ ನೆಲೆ ನಿಂತವು. ಮಂಗಳವ್ವ ಕೆಲಸದಿಂದ ಬಂದವಳೇ ಕೈಕಾಲು ತೊಳೆಯುವ ಮುಂಚೆ ಹಲಗೆಗೆ ಕಿವಿ ಹಚ್ಚುತ್ತಿದ್ದಳು. "ಇವತ್ತ ದನಿ ದಪ್ಪ ಐತಿ, ಬಿಸಲಿಗೆ ರೆಕ್ಕಿ ಬೀಸಾಕತ್ತಾವ," ಅನ್ನುವಳು. "ಇವತ್ತ ಹುಣಸಿ ಹೂವಿನ ವಾಸನಿ ಬಂತು." ನಾನು ಹೊರಗೆ ಕಿಂಡಿಯ ಎದುರು ಕಲ್ಲಿನ ಮೇಲೆ ಕೂತು, ನಿಮಿಷಕ್ಕೆ ಎಷ್ಟು ಜೇನು ಒಳಗೆ ಹೋದವು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ನಮ್ಮಿಬ್ಬರ ನಡುವೆ ಗೋಡೆ. ಗಂಟೆಗಟ್ಟಲೆ ಮಾತಿಲ್ಲ. ಊರಿಗೆ ಬಂದ ಮೇಲೆ ನನಗೆ ಸೇರಿದ್ದ ಹೊತ್ತು ಅದೊಂದೇ.

ಆ ಶ್ರಾವಣದಲ್ಲಿ ಕ್ರಾಸಿಂಗ್ ಶುರುವಾಯಿತು. ಕಾಕಾ ನನ್ನನ್ನೂ ಹೊಲಕ್ಕೆ ಕರೆದ. ಕಂಪನಿಯವರು ಮುಂದಿನ ವರ್ಷ ಹೋಬಳಿಗೆ ಒಬ್ಬ ಸೂಪರ್‌ವೈಜರ್‌ನನ್ನು ತೆಗೆದುಕೊಳ್ಳುತ್ತಾರೆ, ಈಗಲೇ ಕೆಲಸ ನೋಡಿಕೊಂಡಿರು ಎಂದ. ಸಾಲಿನ ತುದಿಯಲ್ಲಿ ಛತ್ರಿ ಹಿಡಿದು ನಿಲ್ಲುವುದೇ ನನ್ನ ಕೆಲಸ.

ಮಂಗಳವ್ವನ ಪಕ್ಕದ ಸಾಲು ರೋಹಿಣಿಯದು. ಬ್ಯಾಡಗಿಯ ಹುಡುಗಿ, ನಮ್ಮೂರಿಗೆ ಸೊಸೆಯಾಗಿ ಬಂದು ಎರಡು ವರ್ಷ. ಆರು ತಿಂಗಳ ಬಸುರಿ. ಅವಳ ಬಾಯಿಗೆ ಬಿಡುವಿರಲಿಲ್ಲ.

"ಮಂಗಳಕ್ಕಾ, ನಿನ್ನ ಹುಳ ಒಂದು ನನ್ನ ಕುಪ್ಪಸದಾಗ ಹೊಕ್ಕೈತಿ. ಕರಕೊಂಡು ಹೋಗು."

"ಗಂಡಹುಳ ಇರಬೇಕು ತಗೋ. ಕೆಲಸಾ ಮಾಡಂಗಿಲ್ಲ ಅದು."

"ನಮ್ಮ ಮನಿಯಾಗೂ ಒಂದು ಐತಿ ಬಿಡು ಅಂಥಾದ್ದು."

ಹೆಂಗಸರೆಲ್ಲ ನಗುತ್ತಿದ್ದರು. ನಗುತ್ತಲೇ ರೋಹಿಣಿ ತನ್ನ ಸಾಲಿನಿಂದ ಕೈ ಚಾಚಿ ಮಂಗಳವ್ವ ಸುಲಿದ ಮೊಗ್ಗುಗಳ ಮೇಲೆ ಉಗುರು ಆಡಿಸುವುದನ್ನು ನಾನು ಗಮನಿಸಿದೆ. ಉಳಿದಿದ್ದ ಕೇಸರವನ್ನು ಅವಳು ಕಿತ್ತು ಹಾಕುತ್ತಿದ್ದಳು. ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

ಇನ್ನೂ ಇಪ್ಪತ್ತು ದಿನದ ಕ್ರಾಸಿಂಗ್ ಉಳಿದಿರುವಾಗ ರೋಹಿಣಿಯ ಕಾಲು ಬಾತವು. ಅವಳ ತಾಯಿ ಬಂದು ಬ್ಯಾಡಗಿಗೆ ಕರೆದುಕೊಂಡು ಹೋದಳು. ಮಾರನೆಯ ದಿನ ನಾನು ಮಂಗಳವ್ವನ ಸಾಲಿನಲ್ಲಿ ಸುಮ್ಮನೆ ಒಂದು ಕೊಳವೆ ಎತ್ತಿ ನೋಡಿದೆ. ಐದು ಕೇಸರ ಉಳಿದಿತ್ತು. ಇನ್ನೊಂದರಲ್ಲಿ ಮೂರು. ಆ ಹೂಗಳನ್ನು ಚಿವುಟಿ ಜೇಬಿಗೆ ಹಾಕಿಕೊಂಡೆ. ಎರಡನೆಯ ದಿನವೂ ಹಾಗೆ ಮಾಡಿದೆ, ಮೂರನೆಯ ದಿನವೂ. ಜೇಬು ತುಂಬಿ ಅಂಗಿಗೆ ಹಳದಿ ಕಲೆ ಬಿತ್ತು. ನಾಲ್ಕನೆಯ ದಿನ ಬೇಸರವಾಯಿತು. ಛತ್ರಿ ಬಿಚ್ಚಿಕೊಂಡು ಬದುವಿನ ಮೇಲೆ ಕೂತೆ.

ಮಾಘದಲ್ಲಿ ಗೋಡೆಯಲ್ಲಿ ಇನ್ನೊಂದು ಕಿಂಡಿ ಬಿತ್ತು. ತೊಲೆಯ ತುದಿ ಗೋಡೆಗೆ ಸೇರುವಲ್ಲಿ ಮಣ್ಣು ಬಿರುಕು ಬಿಟ್ಟು ಮಾಡದ ಒಳಗಿನವರೆಗೆ ಹೋಗಿತ್ತು. ಜೇನುಗಳು ಅದನ್ನು ಕಂಡುಕೊಂಡವು. ಮೊದಲು ಹತ್ತಿಪ್ಪತ್ತು, ಆಮೇಲೆ ಅರ್ಧಕ್ಕರ್ಧ ಅಲ್ಲಿಂದಲೇ ಓಡಾಡತೊಡಗಿದವು. ನಾನು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿದೆ: ಕೆಳಗಿನ ಕಿಂಡಿ, ಮೇಲಿನ ಕಿಂಡಿ. ಮಂಗಳವ್ವ ಹೊರಗೆ ಬಂದು ನನ್ನ ಪಕ್ಕ ನಿಂತು ಗೋಡೆ ನೋಡುತ್ತಿದ್ದಳು. ತಲೆಯ ಮೇಲೆ ಮೊಳದೆತ್ತರದಲ್ಲಿ ಜೇನಿನ ಸಾಲು ಬಿಸಿಲಲ್ಲಿ ಹೊಳೆಯುತ್ತ ಹೋಗುತ್ತಿತ್ತು. ಅವಳು ಕೆಳಗಿನ ಕಿಂಡಿಯ ಅಂಚನ್ನು ಬೆರಳಿನಿಂದ ಸವರಿ, "ಬಾಗಲಾ ಸಣ್ಣದಾತೇನೋ ತಮ್ಮಾ? ಓಡಾಟ ಕಮ್ಮಿ ಅನಸತೈತಿ," ಅಂದಳು.

ಹೇಳಬಹುದಿತ್ತು. ಮೇಲೆ ಇನ್ನೊಂದು ಐತಿ ಎಂದರೆ ಮುಗಿಯುತ್ತಿತ್ತು. ಅವಳು ತಾನಾಗಿ ಯಾವಾಗ ಕಂಡಾಳು ಎಂದು ಕಾಯುವುದರಲ್ಲಿ ನನಗೊಂದು ಸುಖವಿತ್ತು. ಅವಳ ಮನೆಯ ಒಂದು ಬಾಗಿಲು ನನಗೆ ಮಾತ್ರ ಗೊತ್ತು.

"ಇಲ್ಲ, ಸರಿ ಐತಿ," ಅಂದೆ.

ವೈಶಾಖದಲ್ಲಿ ಹಲಗೆ ತೆಗೆದು ಎರಡು ಎರಿ ಕೊಯ್ದೆವು. ಮಂಗಳವ್ವ ಕಣ್ಣು ಮುಚ್ಚಿಕೊಂಡೇ ಕೈ ಒಳಗೆ ಹಾಕಿದಳು. ಬೆರಳಿನಿಂದ ಮುಟ್ಟಿ, "ಇದು ಮರಿದು, ಬಿಡು. ಇದು ತುಪ್ಪದ್ದು," ಎಂದು ಬೇರೆ ಮಾಡಿದಳು. ಒಂದೂ ಕಡಿಯಲಿಲ್ಲ. ತುಪ್ಪದ ಬಾಟಲಿಗಳು ಊರಲ್ಲೇ ಮಾರಿಹೋದವು, ಇನ್ನೂ ಕೇಳಿದರು. ಬರುವ ವರ್ಷ ಇನ್ನೆರಡು ಮಾಡ ಕೊರೆಸೋಣ, ಕ್ರಾಸಿಂಗ್ ಇನ್ನೊಂದೇ ವರ್ಷ ಮಾಡಿ ಬಿಟ್ಟುಬಿಡುತ್ತೇನೆ ಎಂದಳು. "ಒಂದ ವರ್ಷ," ಅಂತ ಎರಡು ಸಲ ಹೇಳಿದಳು.

ಜೂನ್ ಮೊದಲ ವಾರ ಕಂಪನಿಯಿಂದ ಕಾಗದ ಬಂತು. ಕಾಕಾ ಅದನ್ನು ನನ್ನ ಕೈಗೆ ಕೊಟ್ಟ. ನಮ್ಮೂರ ಲಾಟ್ ಪರೀಕ್ಷೆಯಲ್ಲಿ ಬಿದ್ದಿತ್ತು.

"ಏನಂತ ಬರದಾರ?"

"ತಾಯಿ ಗಿಡ ಹುಟ್ಟ್ಯಾವಂತ, ಕಾಕಾ. ಕೇಸರ ಉಳಿಸ್ಯಾರ ಯಾರೋ."

ಕಾಕಾ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಕೈ ನಿಲ್ಲಿಸಲಿಲ್ಲ. "ಹುಳದಿಂದ ಆಗೈತಿ ಅಂತ ಬರಿ. ಇಂಗ್ಲಿಷ್‌ನ್ಯಾಗ ಬರಿ, ಚಂದಾಗಿ."

"ಹುಳದಿಂದ ಹಿಂಗ ಆಗಂಗಿಲ್ಲ. ಕೊಳವಿ ಹಾಕಿರತೇವಿ. ಹುಳ ಬ್ಯಾರೆ ಹೊಲದ್ದು ತಂದು ಹಾಕಿದ್ರ ಬ್ಯಾರೆ ಬ್ಯಾರೆ ನಮೂನಿ ಗಿಡ ಹುಟ್ಟತಿದ್ವು. ಇವೆಲ್ಲಾ ತಾಯೀನ ಅದಾವ."

"ನಿನಗಿಂತ ಮೊದಲ ನಾ ಹತ್ತಿ ನೋಡೇನಿ." ಎಲೆ ಮಡಿಚಿ ಬಾಯಿಗೆ ಹಾಕಿಕೊಂಡ. "ಕೇಸರ ಅಂದ್ರ ನನ್ನ ತಪ್ಪು. ನಾ ನೋಡಿಲ್ಲ ಅಂತ ಆತು. ಬೀಜದ ಪ್ಲಾಟ್ ಕುಪ್ಪೇಲೂರ ಬಿಟ್ಟು ಬ್ಯಾರೆ ಊರಿಗೆ ಹೋಗತೈತಿ. ಹುಳ ಅಂದ್ರ ದೇವರ ತಪ್ಪು. ಹುಳ ಇತ್ತು, ತಗದೇವಿ, ಇನ್ನ ಇಲ್ಲ ಅಂತ ಬರದ್ರ ಮುಗೀತು. ಅದ ಕಾಗದದ ಕೆಳಗ ಸೂಪರ್‌ವೈಜರ್‌ಗೆ ನಿನ್ನ ಹೆಸರು ಬರಕೋ. ಯಾವುದು ಬರೀತಿ, ವಿಚಾರ ಮಾಡು."

ನಾನು ವಿಚಾರ ಮಾಡಲಿಲ್ಲ. ಬರೆದೆ. ಹೊಲದ ಸಮೀಪದ ಮನೆಯೊಂದರ ಗೋಡೆಯಲ್ಲಿದ್ದ ಜೇನುಗಳಿಂದ ಪರಾಗ ಬೆರಕೆಯಾಗಿದೆ, ಅದನ್ನು ಶಾಶ್ವತವಾಗಿ ಮುಚ್ಚಲಾಗಿದೆ ಎಂದು. 'ಮುಚ್ಚಲಾಗುವುದು' ಎಂದು ಬರೆದು ಹೊಡೆದು ಹಾಕಿ, 'ಮುಚ್ಚಲಾಗಿದೆ' ಎಂದೆ. ಇಂಗ್ಲಿಷ್ ವಾಕ್ಯ ಚೆನ್ನಾಗಿ ಬಂದಿತ್ತು.

ಕಂಪನಿಯವನು ಗುರುವಾರ ಬೆಳಿಗ್ಗೆ ಬರುತ್ತಾನೆ ಎಂದು ಫೋನ್ ಬಂತು. ಬುಧವಾರ ಮಧ್ಯಾಹ್ನ ಕಾಕಾ ಕ್ರಾಸಿಂಗ್ ಹೆಂಗಸರನ್ನೆಲ್ಲ ನಮ್ಮ ಮನೆಯ ಕಟ್ಟೆಗೆ ಕರೆಸಿದ. ಏಳು ಜನ ಬಂದರು. ರೋಹಿಣಿ ಕೂಸಿನ ಜೊತೆ ಇನ್ನೂ ತವರಿನಲ್ಲಿದ್ದಳು.

"ಲಾಟ್ ಫೇಲ್ ಆಗೈತಿ," ಅಂದ ಕಾಕಾ. "ಎರಡ ಕಾರಣ ಇರಬೇಕು. ಒಂದು ಹುಳ, ಇಲ್ಲಾ ಕಣ್ಣು. ಕಣ್ಣಂದ್ರ ನಾಳೆ ಒಬ್ಬೊಬ್ಬರನ್ನ ರಾಣೆಬೆನ್ನೂರಿಗೆ ಕರಕೊಂಡು ಹೋಗಿ ಡಾಕ್ಟರ ಮುಂದ ಕುಂದ್ರಸತೇನಿ. ಖರ್ಚು ನಂದ. ಹುಳ ಅಂದ್ರ ಇವತ್ತ ಸಂಜೀಗೆ ಮುಗಸೂನು. ನೀವ ಹೇಳ್ರಿ."

ಎದುರು ಮನೆಯ ಎಮ್ಮೆ ಗಂಟೆ ಅಲ್ಲಾಡಿಸಿತು. ಹೆಂಗಸರು ಸೆರಗು ಬಾಯಿಗೆ ಹಿಡಿದು ನೆಲ ನೋಡುತ್ತಿದ್ದರು. ಮಂಗಳವ್ವ ತಲೆಯೆತ್ತಿ ನಾನು ನಿಂತಿದ್ದ ಕಡೆ ನೋಡಿದಳು. ನಾನು ಓದಿದವನು, ಹುಳದ ತಪ್ಪಲ್ಲ ಎಂದು ಹೇಳಬಲ್ಲವನು. ಹೇಳಿದರೆ ಅವಳು ಡಾಕ್ಟರ ಮುಂದೆ ಕೂರಬೇಕು. ಹೇಳು ಅಂತ ನೋಡಿದಳೋ, ಹೇಳಬೇಡ ಅಂತ ನೋಡಿದಳೋ ಗೊತ್ತಾಗಲಿಲ್ಲ. ನಾನು ಆಗಲೇ ಕಂಬದ ಆಚೆ ಬದಿಗೆ ಸರಿದಿದ್ದೆ. ಅವಳು ಬರಿಯ ಕಂಬವನ್ನೇ ನೋಡುತ್ತಿದ್ದಳು.

"ಹುಳದ್ದ ಐತ್ರಿ ಸಾವ್ಕಾರ್ರ," ಅಂದಳು.

"ನಿನ್ನ ಹುಳ."

"ಹೂಂನ್ರಿ. ನನ್ನ ಹುಳಾನ."

"ನೀನಾಗೇ ಹೇಳಿದಿ. ನಾ ಏನ್ ಅಂದಿಲ್ಲ." ಕಾಕಾ ಉಳಿದವರ ಕಡೆ ನೋಡಿದ. ಅವರ ಮುಖದಲ್ಲಿ ಜೀವ ಬಂದಿತ್ತು. ಒಬ್ಬಳು, "ನಾವು ಆವಾಗ ಅಂದಿದ್ವಿ ನೋಡ್ರಿ," ಅಂದಳು.

"ಶಮಶೇರಸಾಬ ಬ್ಯಾಡಗಿಯೊಳಗ ಅಂಗಡಿ ಬಾಗಲಾ ಕೂಡ್ರಸಾಕ ಹೋಗ್ಯಾನ್ರಿ," ಅಂದಳು ಮಂಗಳವ್ವ. "ಶುಕ್ರವಾರ ಬರತಾನ. ಎರಿ ಕೊಯ್ದು ಪೆಟಿಗ್ಯಾಗ ಕಟ್ಟಿ ಹೊಸರಿತ್ತಿಗೆ ಒಯ್ಯತಾನ್ರಿ. ಎರಡ ದಿನ..."

"ನಾಳೆ ಹತ್ತು ಗಂಟೆಕ್ಕ ಸಾಹೇಬ ಬರತಾನ. ಗ್ವಾಡಿ ತಲಿಮ್ಯಾಲ ಹೊತಗೊಂಡು ಹೋಗತೀಯೇನು ಅಲ್ಲೀ ತನಕಾ?"

ಹೆಂಗಸರು ನಕ್ಕರು. ಮಂಗಳವ್ವನೂ ಸ್ವಲ್ಪ ನಕ್ಕಳು, ನಗಲೇಬೇಕು ಎನ್ನುವಂತೆ.

"ಹೊಗಿ ಹಾಕಿ ಓಡಿಸಿಬಿಡತೇನ್ರಿ."

"ಓಡಿಸಿದ್ರ ಹತ್ತು ಹೊಲ ದಾಟಿ ಇನ್ನೊಂದು ಗಿಡದಾಗ ಕುಂದ್ರತಾವ. ನಾಳೆ ಸಾಹೇಬನ ಮುಂದನ ಹಾರತಾವ. ಮುಚ್ಚು. ಕತ್ತಲಾಗಾಕಿಂತ ಮೊದಲ, ಎಲ್ಲಾ ಒಳಗ ಬಂದಮ್ಯಾಲ."

"ಮುಚ್ಚತೇನ್ರಿ. ನಾನ ಮುಚ್ಚತೇನಿ," ಅಂದಳು. "ಶ್ರಾವಣಕ್ಕ ನನ್ನ ಸಾಲು ನನಗ ಇರಲ್ರಿ."

"ಇರತೈತಿ," ಅಂದ ಕಾಕಾ.

ಸಂಜೆ ಐದೂವರೆಗೆ ಅವಳು ಮಣ್ಣು ಕಲಸಿದಳು. ಜರಡಿ ಹಿಡಿದ ಮಣ್ಣು, ಸಗಣಿ, ಕತ್ತರಿಸಿದ ಹುಲ್ಲು. ನೆಲ ಸಾರಿಸಲು ಕಲಸುವಷ್ಟೇ ಅಚ್ಚುಕಟ್ಟಾಗಿ ಕಲಸಿದಳು. ಬೆಳಿಗ್ಗೆ ಒಂದು ಹನಿ ಮಳೆ ಬಿದ್ದು ಆಮೇಲೆ ಬಿಸಿಲು ಕಾಯಿಸಿತ್ತು. ಗೋಡೆ ಇನ್ನೂ ಬೆಚ್ಚಗಿತ್ತು. ಕಾಕಾ ನನ್ನ ಕಲ್ಲಿನ ಮೇಲೆ ಕೂತ. ನಾನು ಅವನ ಹಿಂದೆ ನಿಂತೆ. ನಾಲ್ಕೈದು ಜನ ಬೇಲಿಯ ಹತ್ತಿರ ಸೇರಿದ್ದರು.

ಜೇನುಗಳು ಗೂಡಿಗೆ ಮರಳುತ್ತಿದ್ದವು. ಮಂಗಳವ್ವ ಕಿಂಡಿಯ ಪಕ್ಕ ಗೋಡೆಗೆ ಕಿವಿ ಹಚ್ಚಿ ನಿಂತಳು. "ಇನ್ನಾ ಒಂದಿಷ್ಟು ಬರೋದೈತಿ," ಅಂದಳು. ಕಾದಳು. ಮತ್ತೆ ಕಿವಿ ಹಚ್ಚಿದಳು. ಆಮೇಲೆ ಮಣ್ಣಿನ ಉಂಡೆಯೊಂದನ್ನು ಕಿಂಡಿಯೊಳಗೆ ಒತ್ತಿ, ಅದರ ಮೇಲೆ ಇನ್ನೊಂದನ್ನು ಮೆತ್ತಿ, ಅಂಗೈ ನೀರಿಗದ್ದಿ ಸವರಿದಳು. ಉಗುರಿನಿಂದ ಅಂಚು ತೀಡಿದಳು. ಗೋಡೆಯಲ್ಲಿ ಕಿಂಡಿ ಇತ್ತೆಂದೇ ತಿಳಿಯದಷ್ಟು ನುಣ್ಣಗಾಯಿತು.

"ಆತ್ರಿ ಸಾವ್ಕಾರ್ರ," ಅಂದಳು. ಕಾಕಾ ಇದ್ದ ಕಡೆ ತಿರುಗಿ ನಿಂತಳು. ಕೆಲಸ ಒಪ್ಪಿಸುವವಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದಳು.

ಅವಳ ತಲೆಯ ಮೇಲೆ, ತೊಲೆಯ ತುದಿಯಿಂದ, ಜೇನುಗಳು ಹೊರಗೆ ಸುರಿಯುತ್ತಿದ್ದವು. ಕೆಳಗಿನ ಬಾಗಿಲು ಮುಚ್ಚಿದ್ದಕ್ಕೆ ಕೆರಳಿ ಒಂದರ ಮೇಲೊಂದು ಬಂದು ಬಿರುಕಿನ ಸುತ್ತ ಅಂಗೈ ಅಗಲಕ್ಕೆ ಕಪ್ಪಾಗಿ ಹರಡಿದ್ದವು. ಬೇಲಿಯ ಹತ್ತಿರದವರೆಲ್ಲ ಅದನ್ನೇ ನೋಡುತ್ತಿದ್ದರು. ಯಾರೋ ಬಾಯಿ ತೆಗೆಯಲು ಹೋದಾಗ ಕಾಕಾ ಕೈ ಎತ್ತಿ ತಡೆದ.

"ಎಲ್ಲಾ ಮುಚ್ಚಿದೇನು ಮಂಗಳವ್ವ?"

"ಎಲ್ಲಾ ಮುಚ್ಚೇನ್ರಿ."

"ಮ್ಯಾಲ?"

"ಮ್ಯಾಲ ಏನೈತ್ರಿ? ಒಂದ ಬಾಗಲಾ ಐತಿ ಅದಕ್ಕ."

"ತಿರುಗಿ ನೋಡು."

ಅವಳು ತಿರುಗಿ ಗೋಡೆ ನೋಡಿದಳು. ಕತ್ತು ಎತ್ತಿ ಮೇಲೂ ನೋಡಿದಳು. ನೇರ ಅಲ್ಲಿಗೇ ನೋಡಿದಳು. "ಏನೂ ಇಲ್ಲಲ್ರಿ," ಅಂದಳು. ಅಷ್ಟರಲ್ಲಿ ಒಂದು ಜೇನು ಅವಳ ಕೆನ್ನೆಗೆ ಕುಟುಕಿತು. ಅವಳು ಕೈ ಎತ್ತಲಿಲ್ಲ. ಅವಳಿಗೆ ಎಲ್ಲ ಅರ್ಥವಾದದ್ದು ಆಗ. ಮುಖ ಮಾತ್ರ ಮೇಲೆ ಎತ್ತಿದ ಹಾಗೇ ಇತ್ತು.

ಕಾಕಾ ಎದ್ದು ಧೋತರದ ಧೂಳು ಝಾಡಿಸಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮುದುಕವ್ವನಿಗೆ ಉಂಡು ಹೋಗು ಎಂದಾಗ ಇದ್ದ ದನಿಯೇ.

"ಶ್ರಾವಣದಾಗ ಹೊಲಕ್ಕ ಬರಬ್ಯಾಡ," ಅಂದ. "ಶಶಿ, ಅದನ್ನೂ ಮುಚ್ಚು."

"ಕಾಕಾ, ಇನ್ನ ಯಾಕ? ಹುಳದ್ದಲ್ಲ ಅಂತ ಗೊತ್ತಾತಲ್ಲ."

"ಮುಚ್ಚೇವಿ ಅಂತ ನೀನ ಬರದೀಯಲ್ಲೋ."

ಅವನು ಹೋದ. ಬೇಲಿಯ ಹತ್ತಿರದವರೂ ಒಬ್ಬೊಬ್ಬರಾಗಿ ಹೋದರು. ನಾನು ಒಳಗಿನಿಂದ ಒರಳುಕಲ್ಲು ಉರುಳಿಸಿ ತಂದು ಗೋಡೆಗೆ ಒರಗಿಸಿ ಅದರ ಮೇಲೆ ಹತ್ತಿದೆ. ಮಂಗಳವ್ವ ಕೇಳದೆಯೇ ಮಣ್ಣಿನ ಬುಟ್ಟಿ ಎತ್ತಿ ಹಿಡಿದಳು. ಹೊತ್ತು ಮುಳುಗುವವರೆಗೆ ನಿಂತೆವು. ಜೇನುಗಳು ತಣ್ಣಗಾಗಿ ಒಳಗೆ ಸರಿದವು. ಕೊನೆಯ ಹತ್ತಿಪ್ಪತ್ತನ್ನು ನಾನು ಮಣ್ಣಿನ ಜೊತೆಗೇ ಒಳಗೆ ಒತ್ತಿದೆ.

"ಇದು ಯಾವಾಗಿಂದ ಐತಿ?" ಕೆಳಗಿನಿಂದ ಕೇಳಿದಳು.

"ಮಾಘದಿಂದ."

"ನೋಡಿದ್ದಿ?"

ನಾನು ಅಂಚು ಸವರುತ್ತಿದ್ದೆ.

"ಹೇಳಬೇಕಿತ್ತಲ್ಲೋ ತಮ್ಮಾ," ಅಂದಳು. ಬುಟ್ಟಿಯನ್ನು ಇನ್ನಷ್ಟು ಮೇಲೆ ಎತ್ತಿ ಹಿಡಿದಳು, ನನ್ನ ಕೈಗೆ ಸಿಗುವಂತೆ.

ಗುರುವಾರ ಕಂಪನಿಯವನು ಬರಲಿಲ್ಲ. ದಾರಿಯಲ್ಲಿ ಗಾಡಿ ಕೆಟ್ಟಿದೆ, ಮುಂದಿನ ವಾರ ಬರುತ್ತೇನೆ ಎಂದು ಕಾಕಾನಿಗೆ ಫೋನ್ ಮಾಡಿದನಂತೆ.

ಶುಕ್ರವಾರ ಶಮಶೇರಸಾಬ ಬಂದ. ಸುದ್ದಿ ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕಿತ್ತು. ಮನೆಗೂ ಹೋಗದೆ, ಆಯುಧದ ಚೀಲ ಹೆಗಲಲ್ಲಿ ಇದ್ದ ಹಾಗೇ ನನ್ನನ್ನು ಕರೆದುಕೊಂಡು ಮಂಗಳವ್ವನ ಮನೆಗೆ ನಡೆದ. ದಾರಿಯಲ್ಲಿ ಒಂದೇ ಮಾತು ಆಡಿದ: "ಹಿಡಿಕಿ ಹಚ್ಚಿದ್ದೆನ್ರಿ ಪೆಟಿಗಿಗೆ. ಎರಡೂ ಬದಿಗೆ."

ಕೋಣೆಯಲ್ಲಿ ಸಿಹಿ ವಾಸನೆ ತುಂಬಿತ್ತು, ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಹಲಗೆಯ ಕೆಳ ಅಂಚಿನಿಂದ ತುಪ್ಪ ಇಳಿದು ಗೋಡೆಯ ಮೇಲೆ ಗೆರೆ ಎಳೆದು ನೆಲದಲ್ಲಿ ನಿಂತಿತ್ತು. ರೆಕ್ಕೆ ಬೀಸಲು ಗಾಳಿಯಿಲ್ಲದೆ ಒಳಗೆ ಕಾವು ಹೆಚ್ಚಿ ಎರಿ ಕರಗಿ ಕುಸಿದಿದ್ದವು. ಬಾಗಿಲಿನಿಂದ ಗೋಡೆಯವರೆಗೆ ಕೆಂಪು ಇರುವೆಯ ಸಾಲು. ಮಂಗಳವ್ವ ಅದರ ಪಕ್ಕದಲ್ಲೇ ಕೂತಿದ್ದಳು, ಅಂಗಾಲಿಗೆ ತುಪ್ಪ ಅಂಟಿತ್ತು. ಕೆನ್ನೆ ಇನ್ನೂ ಬಾತಿತ್ತು.

"ದನಿ ನಿನ್ನೆ ಮಧ್ಯಾಹ್ನ ನಿಂತೈತಿ," ಅಂದಳು. "ಅಲ್ಲೀ ತನಕಾ ಇತ್ತು."

"ನಿನ್ನೇನ ಹಲಗಿ ತಗೀಬೇಕಿತ್ತಲ್ಲವಾ," ಅಂದ ಶಮಶೇರಸಾಬ.

"ಸಾಹೇಬ ಬರತಾನ ಅಂದಿದ್ರು. ಮುಚ್ಚಿದ್ದು ತಗದಿದ್ದು ನೋಡಿದ್ರ ಊರಿಗೆ ಕೆಟ್ಟ ಹೆಸರು ಬರತೈತಿ ಅಂತ..." ಅವಳು ನಿಲ್ಲಿಸಿದಳು. "ಸಾವ್ಕಾರ್ರು ಕರೆದಾರು ಅಂತ ಒಂದು ಆಸೆ ಇತ್ತು ಬಿಡೋ."

ಶಮಶೇರಸಾಬ ಉಳಿಯಿಂದ ಅಂಚಿನ ಸಗಣಿ ಕೆತ್ತಿ ಹಲಗೆ ತೆಗೆದ. ಒಳಗಿನದೆಲ್ಲ ಒಂದೇ ಮುದ್ದೆಯಾಗಿ ಮುಂದಕ್ಕೆ ಜಾರಿತು. ಮೇಣ, ತುಪ್ಪ, ಬಿಳಿ ಮರಿಗಳು, ತುಪ್ಪದಲ್ಲಿ ಮಿಂದು ಕಪ್ಪಾದ ಸಾವಿರಾರು ಜೇನು. ಅವನು ಎರಡೂ ಕೈ ಹಾಕಿ ಅದನ್ನು ಬಿಡಿಸುತ್ತ ಹೋದ.

"ಎಷ್ಟು ಎರಿ ಇದ್ವು?" ಕೇಳಿದಳು.

"ಏಳು."

"ಏಳು ಕಟ್ಟಿದ್ವೇನು? ನಾ ಆರು ಅಂದಕೊಂಡಿದ್ದೆ. ರಾಣಿ?"

ಬಹಳ ಹೊತ್ತು ಹುಡುಕಿದ. ಕೊನೆಗೆ ಉದ್ದ ಹೊಟ್ಟೆಯದೊಂದನ್ನು ಬೆರಳ ತುದಿಯಲ್ಲಿ ಎತ್ತಿ, ನೀರಲ್ಲಿ ಅದ್ದಿ, ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ. ಅವಳು ಈ ಸಲ ಮುಖ ಬಗ್ಗಿಸಿ ನೋಡಲಿಲ್ಲ. ಕೈ ಚಾಚಿದಳು. ಅವನು ಅದನ್ನು ಅವಳ ಬೆರಳಿಗೆ ದಾಟಿಸಿದ. ಹೆಬ್ಬೆರಳ ಸೀಳಿದ ಉಗುರಿನಿಂದ ಅವಳು ಅದರ ಬೆನ್ನನ್ನು, ಹೊಟ್ಟೆಯನ್ನು, ಒಂದೊಂದೇ ರೆಕ್ಕೆಯನ್ನು ಸವರಿ ನೋಡಿದಳು.

"ಹೌದು, ಇದ," ಅಂದಳು.

ಶಮಶೇರಸಾಬ ಬುಟ್ಟಿ ತುಂಬಿಕೊಂಡು ಹಿತ್ತಲಿಗೆ ಹೋದ, ಗುಂಡಿ ತೋಡಲು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಖಾಲಿ ಮಾಡದ ಒಳಗಿನಿಂದ ಎರಡು ಕಡೆ ಹಸಿ ಮಣ್ಣು ಕಾಣುತ್ತಿತ್ತು. ಕೆಳಗಿನದು ಅವಳು ಮುಚ್ಚಿದ್ದು, ಮೇಲಿನದು ನಾನು ಮುಚ್ಚಿದ್ದು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳು ನನ್ನ ಉಸಿರಿನ ದಿಕ್ಕಿಗೆ ತಿರುಗಿದಳು.

"ಮಣ್ಣು ಇನ್ನಾ ಉಳದೈತಿ, ಬಾಗಲ ಹಿಂದ ಐತಿ ನೋಡು," ಅಂದಳು. "ಮಾಡ ಪೂರಾ ತುಂಬಿ ಮುಚ್ಚಿಬಿಡು ತಮ್ಮಾ. ಎಲ್ಲೂ ಸಂದಿ ಬಿಡಬ್ಯಾಡ. ನಿನಗ ಕಾಣತೈತಿ."

ನಾನು ಅಂಗಿಯ ತೋಳು ಮಡಿಚಿಕೊಂಡು ಮಣ್ಣಿಗೆ ನೀರು ಹಾಕಿದೆ.